ಕೂರುವ ಜಾಗ: ಚೆನ್ನೈನ ಕಾಲೇಜು ಬಡಾವಣೆಗಳ ಸಂಜೆ ಮತ್ತು ರಾತ್ರಿ

ಚೆನ್ನೈ ಒಂಬತ್ತು ಗಂಟೆಗೆ ಮಲಗುವ ಊರು ಎಂಬ ಮಾತು ಬೆಂಗಳೂರಿನಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಕಾರಣವೂ ಅದರ ಜೊತೆಗೇ ಬರುತ್ತದೆ: ಮಡಿವಂತರ ಊರು, ಸಂಗೀತ ಕಚೇರಿ ಕೇಳಿ ಮನೆಗೆ ಹೋಗುವವರ ಊರು, ಅಲ್ಲಿ ಪಬ್ಬು ಹೇಗೆ ಬೆಳೆದೀತು? ಊರಿನ ಸ್ವಭಾವವನ್ನೇ ಕಾರಣವಾಗಿ ಮುಂದಿಡುವ ಇಂಥ ವಿವರಣೆ ಕೇಳಲು ಸೊಗಸಾಗಿದೆ, ಪುರಾವೆಯ ಎದುರು ನಿಲ್ಲುವುದಿಲ್ಲ. ಈ ಲೇಖನದ ವಾದ ಬೇರೆ. ವಿದ್ಯಾರ್ಥಿಗಳ ಸಂಜೆ ಮತ್ತು ರಾತ್ರಿಯನ್ನು ಚೆನ್ನೈನಲ್ಲಿ ರೂಪಿಸಿದ್ದು ಜನರ ನಡತೆಗಿಂತ ಹೆಚ್ಚಾಗಿ ಪರವಾನಗಿಯ ಕಾನೂನು ಮತ್ತು ನೆಲದ ಒಡೆತನ. ಕಡಿಮೆ ದುಡ್ಡಿಗೆ ಬಹಳ ಹೊತ್ತು ಕೂರಲು ಎಲ್ಲಿ ಬಿಡುತ್ತಾರೋ ಅಲ್ಲಿ ವಿದ್ಯಾರ್ಥಿ ಸೇರುತ್ತಾನೆ, ಸೇರುತ್ತಾಳೆ. ಅಂಥ ಜಾಗಗಳು ಎಲ್ಲಿ ಹುಟ್ಟಿದವು, ಯಾರಿಂದ ಉಳಿದವು, ಹೇಗೆ ಮುಚ್ಚಿದವು ಎಂದು ನೋಡಿದರೆ ಮದ್ರಾಸಿನ ರಾತ್ರಿಯ ಚರಿತ್ರೆ ಬಹುಮಟ್ಟಿಗೆ ತಿಳಿಯುತ್ತದೆ. ಆ ಚರಿತ್ರೆಯಲ್ಲಿ ದಕ್ಷಿಣ ಕನ್ನಡದಿಂದ ಹೋದ ಹೋಟೆಲಿನವರ ಪಾಲು ದೊಡ್ಡದು. ಮಣಿಪಾಲದಂತೆ ಚೆನ್ನೈ ಕಾಲೇಜಿನ ಸುತ್ತ ಹುಟ್ಟಿದ ಊರಲ್ಲ, ನಿಜ. ಆದರೆ ಚೆಪಾಕ್–ಟ್ರಿಪ್ಲಿಕೇನ್, ನುಂಗಂಬಾಕ್ಕಂ, ಕೆಥೆಡ್ರಲ್ ರಸ್ತೆ, ಗಿಂಡಿ–ಅಡ್ಯಾರ್ ಇವೆಲ್ಲ ತಮ್ಮಷ್ಟಕ್ಕೆ ಕಾಲೇಜು ಬಡಾವಣೆಗಳೇ. ಪ್ರೆಸಿಡೆನ್ಸಿ ಕಾಲೇಜು, ಮದ್ರಾಸು ವಿಶ್ವವಿದ್ಯಾನಿಲಯ, ಕ್ವೀನ್ ಮೇರೀಸ್, ಲೊಯೋಲಾ, ಸ್ಟೆಲ್ಲಾ ಮಾರಿಸ್, ಐಐಟಿ ಇವುಗಳ ಗೇಟಿನ ಹೊರಗೆ ಬೆಳೆದದ್ದು ಒಂದೊಂದು ಕಡೆ ಒಂದೊಂದು ಬಗೆ.

ಮೊದಲು ಕಾನೂನನ್ನು ನೋಡಬೇಕು. 1937ರಲ್ಲಿ ರಾಜಾಜಿಯವರ ಮಂತ್ರಿಮಂಡಲ ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪಾನನಿಷೇಧ 1948ರ ವೇಳೆಗೆ ಇಡೀ ಮದ್ರಾಸು ಪ್ರಾಂತ್ಯಕ್ಕೆ ಹಬ್ಬಿತು. 1971ರಲ್ಲಿ ಅದನ್ನು ಸಡಿಲಿಸಿದರು, 1974ರಲ್ಲಿ ಮತ್ತೆ ಬಿಗಿಗೊಳಿಸಿದರು, 1981ರಲ್ಲಿ ಮತ್ತೆ ತೆರೆದರು. 1983ರಲ್ಲಿ ಮದ್ಯದ ಸಗಟು ಮಾರಾಟದ ಸರ್ಕಾರಿ ನಿಗಮ ಟಾಸ್ಮಾಕ್ ಹುಟ್ಟಿತು. 2003ರ ಕೊನೆಯಲ್ಲಿ ಚಿಲ್ಲರೆ ಮಾರಾಟವೂ ಪೂರ್ತಿ ಅದರ ಕೈಗೆ ಬಂತು. ಈ ಏರಿಳಿತದಲ್ಲಿ ಬದಲಾಗದೆ ಉಳಿದ ಒಂದು ಸಂಗತಿ ನಮ್ಮ ವಿಷಯಕ್ಕೆ ಮುಖ್ಯ: ಕೂತು ಕುಡಿಯುವ ಗೌರವಸ್ಥ ಜಾಗಕ್ಕೆ ಪರವಾನಗಿ ಸಿಗುತ್ತಿದ್ದದ್ದು ಸದಸ್ಯರ ಕ್ಲಬ್ಬಿಗೆ, ಇಲ್ಲವೇ ಸ್ಟಾರ್ ಹೋಟೆಲಿಗೆ. ಕರ್ನಾಟಕದಲ್ಲಿ ಸಿಎಲ್-9 ಪರವಾನಗಿ ಹಿಡಿದು ಮಧ್ಯಮ ವರ್ಗದ ಬಾರ್ ಅಂಡ್ ರೆಸ್ಟೋರೆಂಟ್ ಬೀದಿಬೀದಿಯಲ್ಲಿ ಬೆಳೆಯಿತು. 1980ರ ದಶಕದ ನಡುವಿನಿಂದ ಡ್ರಾಟ್ ಬಿಯರಿನ ಪಬ್ಬು ಬೆಂಗಳೂರಿನ ಗುರುತಾದದ್ದು ಈ ತಳಹದಿಯ ಮೇಲೆ. ಕರಾವಳಿಯವರೇ ಬೆಂಗಳೂರಿನಲ್ಲಿ ಬಾರು ನಡೆಸಿದರು, ಮದ್ರಾಸಿನಲ್ಲಿ ಕಾಫಿ ಹೋಟೆಲು ನಡೆಸಿದರು. ಅದೇ ಜನ, ಅದೇ ಕಸುಬು, ಸಿಕ್ಕ ಪರವಾನಗಿ ಮಾತ್ರ ಬೇರೆ. ಊರಿನ ಸ್ವಭಾವದ ವಾದಕ್ಕೆ ಇದೊಂದೇ ಸಾಕಷ್ಟು ದೊಡ್ಡ ಏಟು. ತಮಿಳುನಾಡಿನಲ್ಲಿ ನಡುವಿನ ಮೆಟ್ಟಿಲು ಇರಲಿಲ್ಲ. ಮೇಲೆ ಸ್ಟಾರ್ ಹೋಟೆಲಿನ ಬಾರು, ಕೆಳಗೆ ಟಾಸ್ಮಾಕ್ ಅಂಗಡಿಗೆ ಅಂಟಿಕೊಂಡ, ಗಂಡಸರು ಮಾತ್ರ ಕಾಲಿಡುವ ಶೆಡ್ಡು. ಕುಡಿಯುವ ಕನಿಷ್ಠ ವಯಸ್ಸು 21 ಆಗಿರುವಾಗ ಪದವಿ ತರಗತಿಯ ಬಹುಪಾಲು ಹುಡುಗರು ಕಾನೂನಿನ ಪ್ರಕಾರ ಎರಡಕ್ಕೂ ಹೊರಗೆ. ಆದರೂ ಅವರು ಟಾಸ್ಮಾಕಿಗೆ ಹೋಗುತ್ತಾರೆ ಎಂದು ಯಾರಾದರೂ ಆಕ್ಷೇಪಿಸಬಹುದು. ಹೋಗುತ್ತಾರೆ, ಅಲ್ಲಗಳೆಯುವಂತಿಲ್ಲ. ಆದರೆ ಅದು ಅವಸರದಲ್ಲಿ ಕುಡಿದು ಏಳುವ ಜಾಗ. ಗೆಳೆಯರ ಕೂಟಕ್ಕೆ ಅಲ್ಲಿ ಎಡೆಯಿಲ್ಲ, ಗೆಳತಿಯರಿಗಂತೂ ಬಾಗಿಲೇ ಇಲ್ಲ.

ಇದೇ ಸರ್ಕಾರ ಸಿನಿಮಾದ ವಿಷಯದಲ್ಲಿ ನಡೆದುಕೊಂಡ ರೀತಿ ಇದಕ್ಕೆ ತದ್ವಿರುದ್ಧ. ಟಿಕೆಟ್ಟಿನ ದರಕ್ಕೆ ಮಿತಿ ಹಾಕಿ, ಮಲ್ಟಿಪ್ಲೆಕ್ಸಿನಲ್ಲೂ ಮುಂದಿನ ಸಾಲುಗಳನ್ನು ಹತ್ತು ರೂಪಾಯಿಗೆ ಕೊಡಬೇಕೆಂದು ಅದು ವಿಧಿಸಿತು. 2017ರ ಏರಿಕೆಯವರೆಗೆ ಚೆನ್ನೈನ ಅತಿ ದುಬಾರಿ ಮಲ್ಟಿಪ್ಲೆಕ್ಸ್ ಸೀಟಿನ ಬೆಲೆ 120 ರೂಪಾಯಿ. ಅದೇ ಕಾಲಕ್ಕೆ ಬೆಂಗಳೂರಿನ ವಾರಾಂತ್ಯದ ಟಿಕೆಟ್ಟು ಎಷ್ಟಿತ್ತೆಂದು ನೆನಪಿರುವವರಿಗೆ ಈ ಅಂಕಿಯ ತೂಕ ಹೇಳಬೇಕಾಗಿಲ್ಲ. ಹೀಗಾಗಿ ಮದ್ರಾಸಿನ ವಿದ್ಯಾರ್ಥಿಯ ರಾತ್ರಿ ಎಂದರೆ ಮೊದಲಿಗೆ ಸೆಕೆಂಡ್ ಶೋ. 1964ರಲ್ಲಿ ಮೌಂಟ್ ರೋಡಿನಲ್ಲಿ ತೆರೆದ ಸಫೈರ್ ಒಂದೇ ಆವರಣದಲ್ಲಿ ಮೂರು ಚಿತ್ರಮಂದಿರಗಳನ್ನು ಹೊಂದಿತ್ತು: ಸಫೈರ್, ಬ್ಲೂ ಡೈಮಂಡ್, ಎಮರಾಲ್ಡ್. ಬ್ಲೂ ಡೈಮಂಡಿನಲ್ಲಿ ಪ್ರದರ್ಶನ ಬೆಳಗಿನಿಂದ ಬಿಡುವಿಲ್ಲದೆ ಸಾಗುತ್ತಿತ್ತು. ಟಿಕೆಟ್ಟು ಕೊಂಡವರು ಚಿತ್ರದ ನಡುವಿನಲ್ಲಿ ಒಳಹೊಕ್ಕು, ಕೊನೆ ನೋಡಿ, ಮತ್ತೆ ಮೊದಲಿನಿಂದ ನೋಡುತ್ತ ಕೂರಬಹುದಿತ್ತು. ತರಗತಿ ತಪ್ಪಿಸಿದವರಿಗೆ ಹವಾನಿಯಂತ್ರಿತ ಕತ್ತಲೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಸಿಗುತ್ತಿದ್ದದ್ದು ಒಂದು ಟಿಕೆಟ್ಟಿನ ಬೆಲೆಗೆ. ಅದೇ ಆವರಣದಲ್ಲಿ ನೈನ್ ಜೆಮ್ಸ್ ಎಂಬ ಡಿಸ್ಕೊತೆಕ್ ಕೂಡ ಇತ್ತು. ಮಡಿವಂತ ಊರೆಂಬ ಹಣೆಪಟ್ಟಿಗೆ ಒಗ್ಗದ ಸಂಗತಿ. 1970ರಲ್ಲಿ ದೇವಿ, ಅದರ ಬೆನ್ನಿಗೆ 1974ರಲ್ಲಿ ಸತ್ಯಂ ಬಂದವು. ಟ್ರಿಪ್ಲಿಕೇನಿನ ಮ್ಯಾನ್ಷನ್ನು ಎಂಬ ಬಾಡಿಗೆ ಕೋಣೆಗಳ ಕಟ್ಟಡಗಳಲ್ಲಿ ಒಂದೊಂದು ಕೋಣೆಗೆ ಮೂವರು ನಾಲ್ವರಂತೆ ತುಂಬಿದ್ದ ಹುಡುಗರಿಗೆ ದೇವಿ ನಡೆದು ಹೋಗಿ ನಡೆದು ಬರುವಷ್ಟು ದೂರ. ಸಫೈರ್ 1990ರ ದಶಕದಲ್ಲಿ ಮುಚ್ಚಿ ನೆಲಸಮವಾಯಿತು. ನೋಡುಗರು ಕೈಬಿಟ್ಟರೆಂದು ಮಾತ್ರ ಇದನ್ನು ವಿವರಿಸಲಾಗದು. ಮೌಂಟ್ ರೋಡಿನ ನೆಲಕ್ಕೆ ಚಿತ್ರಮಂದಿರಕ್ಕಿಂತ ಹೆಚ್ಚಿನ ಬೆಲೆ ಬಂದಿತ್ತು.

ಇನ್ನು ಹೋಟೆಲು. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸು ಆಡಳಿತಕ್ಕೇ ಸೇರಿತ್ತು. ಕರಾವಳಿಯ ಹುಡುಗರು ಓದಲು ಹೋದ ಊರಿಗೇ ಕರಾವಳಿಯ ಅಡುಗೆಯವರೂ ಹೋದರು. ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದ ಮೇಲೆ ಬಂದು, 1920ರ ದಶಕದಲ್ಲಿ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನೂ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸನ್ನೂ ತೆರೆದರು. ಪೂನಮಲ್ಲಿ ಹೈರೋಡಿನ ದಾಸಪ್ರಕಾಶವನ್ನು ಕಟ್ಟಿದ ಕೆ. ಸೀತಾರಾಮರಾಯರದೂ ಇದೇ ಹಿನ್ನೆಲೆ. ಆದರೆ ನಮ್ಮ ವಾದಕ್ಕೆ ಬೇಕಾದ ಉದಾಹರಣೆ 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ, ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಟದ ನೆಲದಲ್ಲಿ, ಕೃಷ್ಣರಾಯರ ಮನೆತನ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. ಮರಗಳ ಕೆಳಗೆ ಕಾರು ನಿಲ್ಲಿಸಿದರೆ ಸಪ್ಲೈಯರ್ ಬಂದು ಕಿಟಕಿಯ ಅಂಚಿಗೆ ಟ್ರೇ ಸಿಕ್ಕಿಸಿ ಇಡ್ಲಿ, ದೋಸೆ, ಕಾಫಿ ಇಡುತ್ತಿದ್ದ. ಕಾರಿಲ್ಲದವರಿಗೆ ಒಳಗೆ ಮೇಜುಗಳಿದ್ದವು, ವಿದ್ಯಾರ್ಥಿಗಳದು ಈ ಮೇಜುಗಳೇ. ಹತ್ತಿರದಲ್ಲೇ ಸ್ಟೆಲ್ಲಾ ಮಾರಿಸ್ ಕಾಲೇಜು, ಆಚೆ ಸ್ವಲ್ಪ ದೂರದಲ್ಲಿ ಮ್ಯೂಸಿಕ್ ಅಕಾಡೆಮಿ. ಔಷಧ ಕಂಪನಿಯ ಪ್ರತಿನಿಧಿಗಳು, ಪತ್ರಕರ್ತರು, ಸಂಗೀತಗಾರರು, ಕಾಲೇಜಿನ ಹುಡುಗ ಹುಡುಗಿಯರು ಒಂದೇ ಸೂರಿನಡಿ ಗಂಟೆಗಟ್ಟಲೆ ಕೂರುತ್ತಿದ್ದರು, ಎಬ್ಬಿಸುವವರಿರಲಿಲ್ಲ. ಟ್ರಿಪ್ಲಿಕೇನಿನ ಇಕ್ಕಟ್ಟಿನ ಮೆಸ್ಸುಗಳಲ್ಲಿ ಇದು ಸಾಧ್ಯವಿರಲಿಲ್ಲ. ಅಲ್ಲಿ ಎಲೆ ಎತ್ತುವ ಮೊದಲೇ ಬೆನ್ನ ಹಿಂದೆ ಇನ್ನೊಬ್ಬ ಕಾದು ನಿಂತಿರುತ್ತಾನೆ. ಮೇಜು ಬೇಗ ಖಾಲಿಯಾದಷ್ಟೂ ಲಾಭ ಎಂಬ ಹೋಟೆಲಿನ ಲೆಕ್ಕವನ್ನು ಡ್ರೈವ್-ಇನ್ ಬದಿಗಿಟ್ಟದ್ದು ಔದಾರ್ಯದಿಂದ ಮಾತ್ರವಲ್ಲ, ಅದರ ಕೈಯಲ್ಲಿ ಎಕರೆಗಟ್ಟಲೆ ಗುತ್ತಿಗೆಯ ನೆಲವಿತ್ತು. ನೆಲ ಅಗ್ಗವಾಗಿರುವವರೆಗೆ ಹೊತ್ತೂ ಅಗ್ಗ. ಆ ನೆಲವನ್ನು ಸರ್ಕಾರ ಮರಳಿ ವಶಕ್ಕೆ ಪಡೆದಾಗ, 2008ರಲ್ಲಿ, ಹೋಟೆಲು ಮುಚ್ಚಿತು. 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನ ಉದ್ಘಾಟನೆಯಾಯಿತು. ಉದ್ಯಾನ ಚೆನ್ನಾಗಿಯೇ ಇದೆ. ಒಳಹೋಗಲು ಶುಲ್ಕವಿದೆ, ಕತ್ತಲಾದ ಮೇಲೆ ಬೇಗನೆ ಗೇಟು ಬೀಳುತ್ತದೆ. ಖಾಸಗಿ ಹೋಟೆಲಾಗಿದ್ದಾಗ ಆ ಜಾಗ ಸಂಜೆಯ ಹೊತ್ತು ಎಷ್ಟು ಸಾರ್ವಜನಿಕವಾಗಿತ್ತೋ ಸರ್ಕಾರಿ ಉದ್ಯಾನವಾದ ಮೇಲೆ ಅಷ್ಟು ಉಳಿಯಲಿಲ್ಲ.

ನೈತಿಕ ಪೊಲೀಸುಗಿರಿಯನ್ನು ಈ ವಾದ ಮರೆಯುತ್ತಿದೆ ಎಂದು ಹೇಳುವವರಿದ್ದಾರೆ. ಅವರ ಬಳಿ ಗಟ್ಟಿ ಸಾಕ್ಷ್ಯವೂ ಇದೆ. 2005 ಒಂದೇ ವರ್ಷವನ್ನು ತೆಗೆದುಕೊಳ್ಳಿ. ಅಣ್ಣಾ ವಿಶ್ವವಿದ್ಯಾನಿಲಯ ಜೀನ್ಸು, ಟಿ-ಶರ್ಟುಗಳ ಮೇಲೆ ನಿರ್ಬಂಧ ಹೇರಿತು. ನಗರದ ದೊಡ್ಡ ಹೋಟೆಲೊಂದರ ರಾತ್ರಿ ಪಾರ್ಟಿಯ ಚಿತ್ರಗಳು ತಮಿಳು ಪತ್ರಿಕೆಯಲ್ಲಿ ಬಂದು ಪೊಲೀಸರು ಬಾರಿನ ಮೇಲೆ ಕ್ರಮ ಕೈಗೊಂಡರು. ವಿವಾಹಪೂರ್ವ ಸಂಬಂಧದ ಬಗ್ಗೆ ನಟಿ ಖುಷ್ಬೂ ಆಡಿದ ಮಾತಿಗೆ ರಾಜ್ಯದ ಉದ್ದಗಲಕ್ಕೂ ಮೊಕದ್ದಮೆಗಳು ದಾಖಲಾದವು. ಅವು ರದ್ದಾಗಲು 2010ರ ಸುಪ್ರೀಂ ಕೋರ್ಟ್ ತೀರ್ಪು ಬೇಕಾಯಿತು. ಇವೆಲ್ಲ ನಿಜ. ಆದರೆ ಎರಡು ಮಾತು ಗಮನಿಸಬೇಕು. ಇಂಥ ಸಿಟ್ಟು ಚೆನ್ನೈನ ಸೊತ್ತಲ್ಲ. ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದದ್ದು 2009ರ ಜನವರಿಯಲ್ಲಿ ಮಂಗಳೂರಿನಲ್ಲಿ, ಪಬ್ಬುಗಳಿಗೆ ಹೆಸರಾದ ರಾಜ್ಯದಲ್ಲೇ. ಎರಡನೆಯದಾಗಿ, ಸಿಟ್ಟು ತಣ್ಣಗಾದ ಮೇಲೆ ಚೆನ್ನೈನ ಸ್ಟಾರ್ ಹೋಟೆಲುಗಳ ಡಾನ್ಸ್ ಫ್ಲೋರುಗಳು ಮತ್ತೆ ತುಂಬಿದವು. ನೀತಿಯ ಹೆಸರಿನ ದಾಳಿ ಮುಚ್ಚಿಸಿದ್ದು ತೆರೆದುಕೊಂಡಿತು. ನೆಲದ ವ್ಯವಹಾರ ಮುಚ್ಚಿಸಿದ ಸಫೈರ್, ಡ್ರೈವ್-ಇನ್ ಮತ್ತೆ ತೆರೆಯಲಿಲ್ಲ. ಯಾವುದರ ಗಾಯ ಆಳವಾದದ್ದು ಎಂದು ನಿರ್ಧರಿಸಲು ಈ ವ್ಯತ್ಯಾಸ ಸಾಕು. ಮೊದಲನೆಯದಕ್ಕೆ ಟಿವಿ ಕ್ಯಾಮೆರಾ ಬಂತು, ಎರಡನೆಯದಕ್ಕೆ ಒಂದಿಷ್ಟು ವಿದಾಯದ ಲೇಖನಗಳು ಬಂದವು.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ, ಅದಕ್ಕೆ ಪೂರ್ಣ ಉತ್ತರ ಕೊಡಲಾಗದು. ಸೆಕೆಂಡ್ ಶೋ, ಮ್ಯಾನ್ಷನ್ನು, ಬೀಚಿನ ಮರಳು ಇವೆಲ್ಲ ಹುಡುಗರ ಲೋಕ. ಮದ್ರಾಸು ಹೆಣ್ಣುಮಕ್ಕಳ ಕಾಲೇಜುಗಳ ಊರೂ ಹೌದು: ಕ್ವೀನ್ ಮೇರೀಸ್ 1914ರದು, ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು 1915ರದು, ಸ್ಟೆಲ್ಲಾ ಮಾರಿಸ್ 1947ರದು. ಹಾಸ್ಟೆಲಿನ ರಿಜಿಸ್ಟರಿನಲ್ಲಿ ಕತ್ತಲಾಗುವ ಮೊದಲು ಸಹಿ ಹಾಕಬೇಕಾದ ವಿದ್ಯಾರ್ಥಿನಿಗೆ ನೆಲ ಅಗ್ಗವಾದರೇನು, ಟಿಕೆಟ್ಟು ಹತ್ತು ರೂಪಾಯಿಯಾದರೇನು? ಅವಳ ಮಟ್ಟಿಗೆ ಕಾನೂನು ಎಂದರೆ ವಾರ್ಡನ್ನಿನ ಗಡಿಯಾರ. ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲವಾದರೂ ತಿದ್ದುತ್ತದೆ: ಗಡಿಯಾರದ ರಾತ್ರಿಯನ್ನೇ ಅಳತೆಗೋಲು ಮಾಡಿಕೊಂಡರೆ ಅರ್ಧ ವಿದ್ಯಾರ್ಥಿಲೋಕ ಲೆಕ್ಕದಿಂದ ಬಿಟ್ಟುಹೋಗುತ್ತದೆ. ನಾಲ್ಕರಿಂದ ಏಳರವರೆಗಿನ ಸಂಜೆಯನ್ನೂ ಸೇರಿಸಿ ನೋಡಿದಾಗ ಡ್ರೈವ್-ಇನ್ನಿನ ಮಹತ್ವ ಇನ್ನೂ ಹೆಚ್ಚುತ್ತದೆ, ಮಾರ್ಗಳಿ ತಿಂಗಳ ಸಂಗೀತ ಸಭಾಗಳದೂ ಅಷ್ಟೆ. 1928ರಲ್ಲಿ ಹುಟ್ಟಿದ ಮ್ಯೂಸಿಕ್ ಅಕಾಡೆಮಿಯಿಂದ ಹಿಡಿದು ಮೈಲಾಪುರದ ಸಣ್ಣ ಸಭಾಗಳವರೆಗೆ ಡಿಸೆಂಬರಿನಲ್ಲಿ ಕಚೇರಿ ಬೆಳಗಿನಿಂದ ರಾತ್ರಿಯವರೆಗೆ ನಡೆಯುತ್ತದೆ, ಕಿರಿಯರ ಮಧ್ಯಾಹ್ನದ ಕಚೇರಿಗಳಿಗೆ ಅನೇಕ ಕಡೆ ಟಿಕೆಟ್ಟೇ ಇರುವುದಿಲ್ಲ. ಮನೆಯಲ್ಲಿ ಯಾರೂ ಬೇಡವೆನ್ನದ ಕಾರಣ ಹೇಳಿ ಹೊರಬಂದು, ಸಭಾದ ಕ್ಯಾಂಟೀನಿನಲ್ಲಿ ಕೀರೈವಡೆ ತಿನ್ನುತ್ತ ಗೆಳೆಯರೊಡನೆ ಕೂರುವುದನ್ನು ಮನರಂಜನೆಯ ಚರಿತ್ರೆಯಿಂದ ಹೊರಗಿಡಲು ಕಾರಣವೇ ಇಲ್ಲ. ರಸಿಕತನದ ಬಗ್ಗೆ ಬರೆದವರು ಬಹಳ ಮಂದಿ, ಕ್ಯಾಂಟೀನಿನ ಬಗ್ಗೆ ಗಂಭೀರವಾಗಿ ಬರೆದವರು ಕಡಿಮೆ.

ಹೊರಗೆ ಜಾಗ ಕುಗ್ಗಿದಂತೆ ಮನರಂಜನೆ ಗೇಟಿನೊಳಗೆ ಸರಿಯಿತು. ಐಐಟಿಯ ಓಪನ್ ಏರ್ ಥಿಯೇಟರಿನ ಕಲ್ಲಿನ ಮೆಟ್ಟಿಲುಗಳಲ್ಲಿ ಶನಿವಾರದ ರಾತ್ರಿ ಸಿನಿಮಾ ನೋಡುವುದು ಅಲ್ಲಿಯ ತಲೆಮಾರುಗಳ ವಾಡಿಕೆ. 1970ರ ದಶಕದಲ್ಲಿ ಮಾರ್ಡಿ ಗ್ರಾ ಎಂಬ ಹೆಸರಿನಿಂದ ಶುರುವಾಗಿ 1990ರ ದಶಕದಲ್ಲಿ ಸಾರಂಗ್ ಆದ ಉತ್ಸವದ ದೊಡ್ಡ ರಾತ್ರಿಗಳು ನಡೆಯುವುದೂ ಅದೇ ರಂಗದಲ್ಲಿ. ಗಿಂಡಿಯ ಟೆಕೊಫೆಸ್, ತಾಂಬರಂನ ಕ್ರಿಶ್ಚಿಯನ್ ಕಾಲೇಜಿನ ಡೀಪ್ ವುಡ್ಸ್ ಇದೇ ಜಾತಿಯವು. ಇಲ್ಲಿ ದುಡ್ಡು ಅಷ್ಟಾಗಿ ಅಡ್ಡಿಯಲ್ಲ, ಗುರುತಿನ ಚೀಟಿ ಅಡ್ಡಿ. ಇಡೀ ಊರಿನ ವಿದ್ಯಾರ್ಥಿಗಳಿಗೆ ಯಾರ ಅಪ್ಪಣೆಯೂ ಇಲ್ಲದೆ ಉಳಿದದ್ದು ಮರೀನಾ ಮತ್ತು ಎಲಿಯಟ್ಸ್ ಬೀಚು. ಹಸಿ ಮಾವಿನ ಚೂರು, ಕೊಬ್ಬರಿ ಬೆರೆಸಿದ ಬಟಾಣಿ ಸುಂಡಲಿನ ಪೊಟ್ಟಣ ಒಂದಿದ್ದರೆ ಅಲ್ಲಿ ಸಂಜೆ ಕಳೆಯುತ್ತದೆ, ಆದರೆ ಹೊತ್ತು ಮೀರಿದರೆ ಪೊಲೀಸರು ಎಬ್ಬಿಸುತ್ತಾರೆ. 2017ರ ಜನವರಿ 17ರಿಂದ 23ರವರೆಗೆ ಈ ಕಟ್ಟು ಸಡಿಲಿತು. ಜಲ್ಲಿಕಟ್ಟು ನಿಷೇಧದ ವಿರುದ್ಧ ಸೇರಿದ ವಿದ್ಯಾರ್ಥಿಗಳು, ಹೆಣ್ಣುಮಕ್ಕಳೂ ಸೇರಿದಂತೆ, ಮೊಬೈಲು ದೀಪ ಹಿಡಿದು ಮರೀನಾದಲ್ಲೇ ರಾತ್ರಿಗಳನ್ನು ಕಳೆದರು. ಅವರು ಮುಂದಿಟ್ಟ ಬೇಡಿಕೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಜಾಗ ಸಿಕ್ಕರೆ ಈ ಊರಿನ ಯುವಜನ ರಾತ್ರಿಯಿಡೀ ಹೊರಗಿರಬಲ್ಲರು, ಹೆಣ್ಣುಮಕ್ಕಳೂ ಇರಬಲ್ಲರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಕೊನೆಯ ದಿನ ಪೊಲೀಸರು ಬಲ ಪ್ರಯೋಗಿಸಿ ತೆರವು ಮಾಡಿದರು. ಆ ತಿಂಗಳ ಕೊನೆಗೇ ಮರೀನಾದಲ್ಲಿ ಗುಂಪು ಸೇರದಂತೆ ನಿಷೇಧಾಜ್ಞೆ ಬಂತು.

2019ರ ಜೂನಿನಿಂದ ತಮಿಳುನಾಡು ಸರ್ಕಾರ ಅಂಗಡಿ, ಹೋಟೆಲುಗಳಿಗೆ ದಿನದ 24 ಗಂಟೆಯೂ ತೆರೆದಿರಲು ಮೂರು ವರ್ಷದ ಅನುಮತಿ ಕೊಟ್ಟಿತು, 2022ರಲ್ಲಿ ಅದನ್ನು ಮುಂದುವರಿಸಿತು. ಚೆನ್ನೈಗೆ ಕೊನೆಗೂ ರಾತ್ರಿ ಬಂತೆಂದು ಪತ್ರಿಕೆಗಳು ಬರೆದವು. ಆದೇಶದ ಷರತ್ತನ್ನು ಓದಿದರೆ ಹಳೆಯ ಪರವಾನಗಿಯ ತರ್ಕವೇ ಮತ್ತೆ ಕಾಣುತ್ತದೆ: ಅನುಮತಿ ಇರುವುದು ಹತ್ತು ಅಥವಾ ಹೆಚ್ಚು ಜನ ಕೆಲಸಗಾರರಿರುವ ಸಂಸ್ಥೆಗಳಿಗೆ. ಹಳೆ ಮಹಾಬಲಿಪುರಂ ರಸ್ತೆಯ ದೊಡ್ಡ ಹೋಟೆಲು, ಮಾಲು ಇದರೊಳಗೆ ಬರುತ್ತವೆ. ಟ್ರಿಪ್ಲಿಕೇನಿನ ಮ್ಯಾನ್ಷನ್ನಿನ ಕೆಳಗೆ ಇಬ್ಬರು ಮೂವರು ಸೇರಿ ನಡೆಸುವ ಟೀ ಅಂಗಡಿ ಬರುವುದಿಲ್ಲ. ಪರೀಕ್ಷೆಯ ತಿಂಗಳಲ್ಲಿ ಹನ್ನೆರಡರ ಮೇಲೆ ಟೀ ಬೇಕಾಗುವುದು ಆ ಮ್ಯಾನ್ಷನ್ನಿನ ಹುಡುಗರಿಗೆ, ಅವರಿಗೆ ಕೊಡಬಹುದಾದ ಅಂಗಡಿಯವನು ಮಾತ್ರ ಹತ್ತಾರು ರೂಪಾಯಿಯ ವ್ಯಾಪಾರಕ್ಕೆ ಬೀಟ್ ಪೊಲೀಸಿನ ಮರ್ಜಿ ನೋಡಿ ಅರ್ಧ ಬಾಗಿಲು ತೆರೆದಿಡಬೇಕು.