ಕೋಡಿ ಯಾವ ಕಡೆ?

ಹೈದರಾಬಾದಿನಲ್ಲಿ ಫ್ಲಾಟ್ ನೋಡೋಕೆ ಹೋದಾಗ ಬ್ರೋಕರ್ ಬಾಲ್ಕನಿ ಬಾಗಿಲು ತೆಗೆದು 'ಲೇಕ್ ವ್ಯೂ ಸರ್' ಅಂದ. ರಾಯಚೂರು ಕಡೆಯ ನಮ್ಮೂರಿಂದ ಬಂದಿದ್ದ ಅಪ್ಪ ಬಗ್ಗಿ ನೋಡಿ ಕೇಳಿದ್ದು ಒಂದೇ: "ಕೆರಿ ಕೋಡಿ ಯಾಕಡಿ ಹರಿತದ?" ಅವನಿಗೆ ಗೊತ್ತಿರಲಿಲ್ಲ. ಬಿಇ ಓದಿದ ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

ಆಮೇಲೆ ಕೂತು ಓದಿದೆ. ತೆಲಂಗಾಣಕ್ಕೆ ಸಮುದ್ರವಿಲ್ಲ. ಕೃಷ್ಣಾ, ಗೋದಾವರಿ ಇವೆ, ಆದ್ರೆ ಹೊಲಗಳು ಬಹುಪಾಲು ನದಿಗಿಂತ ಎತ್ತರದಲ್ಲಿವೆ. ಹಾಗಾಗಿ ಮಳೆ ನೀರನ್ನೇ ಹಿಡಿದಿಡಬೇಕಿತ್ತು. ಕಾಕತೀಯರ ಕಾಲದ, 13ನೇ ಶತಮಾನದ ರಾಮಪ್ಪ, ಪಾಖಾಲ ಕೆರೆಗಳು ಇವತ್ತಿಗೂ ಇವೆ. ಎಷ್ಟೋ ಕಡೆ ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಇದೊಂದು ಸರಪಳಿ.

ಸರಪಳಿ ಹರಿದರೆ ಏನಾಗುತ್ತೆ ಅಂತ 1908ರ ಸೆಪ್ಟೆಂಬರ್ ತೋರಿಸಿತು. ವಿಪರೀತ ಮಳೆಗೆ ಮೇಲ್ಭಾಗದ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದು, ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನ. ನೀರನ್ನು ಊರಿನ ಮೇಲೆಯೇ ತಡೆಯಿರಿ ಅಂದರು ಅವರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಪ್ರವಾಹವೂ ತಗ್ಗಿತು, ಕುಡಿಯೋಕೆ ನೀರೂ ಸಿಕ್ಕಿತು.

ಆಮೇಲೆ ನಗರ ಬೆಳೀತು, ಕೆರೆ ಅಂಗಳಗಳು ಲೇಔಟ್ ಆದವು. 2020ರ ಅಕ್ಟೋಬರಿನಲ್ಲಿ ಮಳೆ ಸುರಿದಾಗ ನೀರು ತನ್ನ ಹಳೇ ವಿಳಾಸ ಹುಡುಕಿಕೊಂಡು ಬಂತು.

1956ರವರೆಗೆ ನಮ್ಮ ರಾಯಚೂರೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಗಡಿ ಬದಲಾಯ್ತು, ಅಪ್ಪನ ಪ್ರಶ್ನೆ ಬದಲಾಗಲಿಲ್ಲ. ಆ ಫ್ಲಾಟ್ ಬಿಟ್ವಿ. ಈಗ ಎಲ್ಲೇ ಮನೆ ನೋಡಿದ್ರೂ ಇಎಂಐಗಿಂತ ಮೊದಲು ಕೋಡಿ ಕೇಳ್ತೀನಿ. ಬೆಂಗಳೂರಿನಲ್ಲಿರೋ ನೀವೂ ಕೇಳಿ.