ಘಟ್ಟ ಹತ್ತುವ ಮಾತು

ಘಟ್ಟ ಎಂದರೆ ನಿಘಂಟಿನಲ್ಲಿ ಬೆಟ್ಟಸಾಲು, ಹೊಳೆಯ ಮೆಟ್ಟಿಲು, ಹಂತ. ಕರಾವಳಿ ಮತ್ತು ಮಲೆನಾಡಿನ ಬಾಯಲ್ಲಿ ಅದು ಮೊದಲು ದಾರಿ. ಘಟ್ಟವನ್ನು ಅಲ್ಲಿ ಯಾರೂ ನೋಡಲು ಹೋಗುವುದಿಲ್ಲ, ಹತ್ತುತ್ತಾರೆ, ಇಳಿಯುತ್ತಾರೆ. ಈ ದಾರಿಯ ಹೆಸರೇ ಯುರೋಪಿನವರ ಭೂಪಟ ಸೇರಿ, ತಾಪಿ ನದಿಯಿಂದ ಕನ್ಯಾಕುಮಾರಿಯವರೆಗಿನ ಸುಮಾರು 1,600 ಕಿಲೋಮೀಟರ್ ಪರ್ವತಸಾಲಿಗೆಲ್ಲ ಅಂಟಿಕೊಂಡಿತು.

ಆಗುಂಬೆ ಘಾಟಿಯ ಬುಡದ ಸೋಮೇಶ್ವರದಲ್ಲಿ ಚಹಾಕ್ಕೆಂದು ಕಾರು ನಿಲ್ಲಿಸಿದ್ದ ದಂಪತಿಯ ಮಾತು ಈ ಪದವನ್ನು ಮತ್ತೆ ಕೆದಕುವಂತೆ ಮಾಡಿತು. ಗಂಡ ಬೆಂಗಳೂರಿನವನು, ಹೆಂಡತಿಯ ತವರು ತೀರ್ಥಹಳ್ಳಿಯ ಕಡೆ. “ಇಲ್ಲಿಂದ ಘಾಟ್ ಸೆಕ್ಷನ್ ಶುರು” ಎಂದ ಅವನು. “ಸೆಕ್ಷನ್ ಅಲ್ಲರೀ, ಘಟ್ಟ. ಇದನ್ನ ಹತ್ತಿದ್ರೆ ನಮ್ಮೂರು” ಎಂದಳು ಅವಳು.

‘ಘಾಟ್ ಸೆಕ್ಷನ್’ ರೈಲ್ವೆಯ ಮಾತು. ಸಕಲೇಶಪುರ–ಸುಬ್ರಹ್ಮಣ್ಯ ನಡುವೆ 57 ಸುರಂಗಗಳನ್ನು ದಾಟುವ ಹಳಿಗೆ ಅದು ಒಪ್ಪುತ್ತದೆ. ಶಿರಾಡಿ, ಚಾರ್ಮಾಡಿ, ಹುಲಿಕಲ್ ಎಂದು ಒಂದೊಂದಕ್ಕೂ ಹೆಸರಿರುವ ರಸ್ತೆಗಳನ್ನೆಲ್ಲ ಆ ಒಂದೇ ಮಾತಿನಲ್ಲಿ ಮುಗಿಸುವುದು ಮಾತ್ರ ನಷ್ಟ. ಹೆಸರು ಹೋದರೆ ಯಾವ ತಿರುವಿನಲ್ಲಿ ದರೆ ಕುಸಿಯುತ್ತದೆ, ಎಲ್ಲಿ ಮಂಜು ಕವಿಯುತ್ತದೆ ಎಂಬ ತಿಳಿವಳಿಕೆಯೂ ಅದರ ಜೊತೆಗೇ ಹೋಗುತ್ತದೆ.

‘ಮಾತುಕತೆ ಕೊನೆಯ ಘಟ್ಟ ತಲುಪಿತು’ ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ಇಲ್ಲಿನ ‘ಹಂತ’ ಎಂಬ ಅರ್ಥ ಹೊಳೆಯ ಮೆಟ್ಟಿಲಿನಿಂದ ಬಂತೆನ್ನುವುದು ಸುಲಭದ ಉತ್ತರ. ಹೇರೆತ್ತುಗಳ ದಾರಿಯಿಂದ ಬಂತೆನ್ನುವುದೇ ಹೆಚ್ಚು ಸರಿಯೆಂದು ತೋರುತ್ತದೆ. ಉಪ್ಪು ಮೇಲಕ್ಕೆ, ಅಕ್ಕಿ ಕೆಳಕ್ಕೆ ಸಾಗುತ್ತಿದ್ದ ಕಾಲದಲ್ಲಿ ಏರು ಒಂದೇ ಉಸಿರಿಗೆ ಮುಗಿಯುತ್ತಿರಲಿಲ್ಲ. ಎತ್ತು ನಿಂತಲ್ಲಿ ಆಳೂ ನಿಲ್ಲಬೇಕಿತ್ತು. ಕೊನೆಯ ಘಟ್ಟ ಎಂದಾಗ ಇಂದಿಗೂ ಕಿವಿಗೆ ಬೀಳುವುದು ಆ ಏದುಸಿರೇ.

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆ ಈ ಊಹೆಗೆ ಬಲ ಕೊಡುತ್ತದೆ. ಅದನ್ನು ಬೆಟ್ಟದ ನಿಂದೆಯೆಂದು ಓದುವುದು ರೂಢಿ. ಹೆಬ್ರಿಯ ಕಡೆಯಿಂದ ಬರುವವರಿಗೆ ಸಹ್ಯಾದ್ರಿ ಮೊದಲು ಗೋಡೆಗೆ ಬಳಿದ ನೀಲಿಯಂತೆ ಕಾಣುತ್ತದೆ. ಹತ್ತಿರವಾದಂತೆ ನೀಲಿ ಕರಗಿ ಹಸಿರಾಗುತ್ತದೆ, ಹಸಿರು ಒಡೆದು ಬೇರೆ ಬೇರೆ ಮರಗಳಾಗುತ್ತದೆ. ಆಮೇಲೆ ಕೆಂಪು ದರೆ, ಅದರಿಂದ ಜೋತ ಬೇರು, ಬೇರಿನ ತುದಿಯಿಂದ ತೊಟ್ಟಿಕ್ಕುವ ನೀರು. ನುಣುಪು ಹೋದದ್ದು ನಿಜ, ಚೆಲುವು ಹೋಗಲಿಲ್ಲ. ಗಾದೆ ಹುಟ್ಟಿದ್ದು ಹತ್ತಿ ಬಂದವರ ಬಾಯಲ್ಲಿ. ಬುಡದಲ್ಲೇ ಉಳಿದವರಿಗೆ ನುಣುಪನ್ನು ಶಂಕಿಸಲು ಕಾರಣವೇ ಇರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಗಾದೆ ಆರಿಸಿಕೊಂಡದ್ದು ‘ಬೆಟ್ಟ’ವನ್ನು. ದೂರದ ಘಟ್ಟ ಎಂದು ಯಾರೂ ಹೇಳುವುದಿಲ್ಲ. ದೂರದಲ್ಲಿ ಬೆಟ್ಟವಾಗಿದ್ದದ್ದು ಕಾಲಿಟ್ಟ ಮೇಲೆ ಘಟ್ಟವಾಗುತ್ತದೆ.

ಆಗುಂಬೆಯ ರಸ್ತೆಗೆ ಹದಿನಾಲ್ಕು ಹಿಮ್ಮುರಿ ತಿರುವುಗಳು. ಮೊದಲ ಸಲ ಬಂದವರು ಅವನ್ನು ಎಣಿಸುತ್ತಾರೆ. ಬಾಲ್ಯದಲ್ಲಿ ಬಸ್ಸಿನ ಕಿಟಕಿಯಿಂದ ಅವನ್ನು ಕಂಡವರು ಗುರುತಿಸುತ್ತಾರೆ: ಇಲ್ಲಿ ಹೊಟ್ಟೆ ತೊಳಸುತ್ತಿತ್ತು, ಇಲ್ಲಿ ಚಳಿ ಶುರುವಾಗುತ್ತಿತ್ತು, ಇಲ್ಲಿ ಅಮ್ಮ ಲಿಂಬೆಹಣ್ಣು ಮೂಸಲು ಕೊಡುತ್ತಿದ್ದಳು. ಪಕ್ಕದಲ್ಲಿ ಕೂತ ಸಂಗಾತಿಗೆ ಇವು ಭೂಪಟದಲ್ಲಿ ಸಿಗುವುದಿಲ್ಲ, ಹೇಳಿಯೇ ತಿಳಿಸಬೇಕು. ಸೂರ್ಯಾಸ್ತದ ಕಟ್ಟೆಯಲ್ಲಿ, ಮೋಡವಿಲ್ಲದ ಸಂಜೆ, ಅರಬ್ಬೀ ಸಮುದ್ರ ದೂರದಲ್ಲಿ ಮಿನುಗುತ್ತದೆ.

ಈ ಪದಕ್ಕೆ ದಿಕ್ಕೂ ಉಂಟು. ಉಡುಪಿಯವರಿಗೆ ತೀರ್ಥಹಳ್ಳಿಯವರು ಘಟ್ಟದ ಮೇಲಿನವರು, ತೀರ್ಥಹಳ್ಳಿಯವರಿಗೆ ಉಡುಪಿಯವರು ಘಟ್ಟದ ಕೆಳಗಿನವರು. ಮೇಲೆ ಹುಟ್ಟಿ ಕೆಳಗೆ ಮದುವೆಯಾದ ಹೆಂಗಸರ ಬಾಯಲ್ಲಿ ಎರಡೂ ಇವೆ. ಗಂಡನ ಮನೆಯಲ್ಲಿ ತವರನ್ನು ‘ಮೇಲೆ’ ಎನ್ನುತ್ತಾರೆ. ತವರಿನ ಜಗಲಿಯಲ್ಲಿ ಕೂತು, ‘ನಾಳೆ ಕೆಳಗೆ ಹೋಗಬೇಕು’ ಎನ್ನುತ್ತಾರೆ. ಎರಡು ಕಡೆಯೂ ಘಟ್ಟ ಎಂಬ ಪದವನ್ನು ಬಾಯಿಬಿಟ್ಟು ಹೇಳುವ ಅಗತ್ಯ ಬೀಳುವುದಿಲ್ಲ.