ಜೋರ್ಡನ್ನಿನ ಯಾವ ದಡ?

ಪ್ರಭುಯೇಸುವಿನ ಸ್ನಾನದೀಕ್ಷೆಯ ಹಬ್ಬದಂದು ಜೋರ್ಡನ್ ನದಿಯ ಹೆಸರು ಕೇಳುತ್ತೇವೆ. ಆ ನದಿಯ ಯಾವ ದಡದಲ್ಲಿ, ಯಾವ ಜಾಗದಲ್ಲಿ ಯೊವಾನ್ನನು ನಿಂತಿದ್ದನು? ಸಂತ ಯೊವಾನ್ನರ ಶುಭಸಂದೇಶದ ಮೊದಲನೇ ಅಧ್ಯಾಯದ 28ನೇ ವಚನ ಜೋರ್ಡನ್ನಿನ ಆಚೆಯ ಬೆಥಾನಿಯವನ್ನು ಹೆಸರಿಸುತ್ತದೆ. ಇದು ಲಾಸರನ ಊರಲ್ಲ; ಅದಿರುವುದು ಜೆರುಸಲೇಮಿನ ಪಕ್ಕದಲ್ಲಿ.

ಮೂರನೇ ಶತಮಾನದ ಪಂಡಿತ ಒರಿಜೆನ್ ಆ ನಾಡಿಗೆ ಹೋಗಿ ಹುಡುಕಿದನು. ನದಿಯಾಚೆ ಬೆಥಾನಿಯ ಸಿಗಲಿಲ್ಲ. ಹೆಚ್ಚುಕಡಿಮೆ ಎಲ್ಲ ಹಸ್ತಪ್ರತಿಗಳಲ್ಲಿ ಬೆಥಾನಿಯ ಎಂದೇ ಇದೆಯೆಂದು ಒಪ್ಪಿಕೊಂಡರೂ, 'ಬೆತಬಾರ' ಎಂದು ಓದಬೇಕೆಂದು ಹೇಳಿದನು. ಬೆತಬಾರ ಎಂದರೆ ದಾಟುವ ಮನೆ. ಹೆಸರಿನ ವಿಷಯದಲ್ಲಿ ಅವನು ದುಡುಕಿದನೆಂದೇ ನನ್ನ ಅನಿಸಿಕೆ. ಆದರೆ ಜಾಗದ ಗುಣವನ್ನು ಸರಿಯಾಗಿ ಹಿಡಿದಿದ್ದನು.

ಮಾದನಹಿಪ್ಪರಗಾ, ಅಫಜಲಪುರ, ಜೇವರ್ಗಿ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೇತುವೆಗಳಿಲ್ಲದ ಕಾಲದಲ್ಲಿ ಭೀಮಾ ಹೊಳೆಯನ್ನು ಎಲ್ಲೆಂದರಲ್ಲಿ ದಾಟಲಾಗುತ್ತಿರಲಿಲ್ಲ. ಸಂತೆಗೆ ಹೋಗುವವರು, ಬೀಗರು, ಸರಕಾರಿ ನೌಕರರು ಎಲ್ಲರೂ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ಜೆರಿಕೋವಿನ ಎದುರಿನ ಜೋರ್ಡನ್ನೂ ಹಾಗೆಯೇ. ಯೆಹೋಶುವನು ಜನರನ್ನು ದಾಟಿಸಿದ್ದು ಆ ಕಡೆಯಲ್ಲೇ. ಎಲೀಯನು ಎಲೀಷನೊಂದಿಗೆ ದಾಟಿದ್ದೂ ಅಲ್ಲೇ. ಸುಂಕದವರೂ ಸೈನಿಕರೂ ಯೊವಾನ್ನನ ಬಳಿಗೆ ಬಂದರೆಂದು ಸಂತ ಲೂಕರು ಬರೆಯುತ್ತಾರೆ. ದಾರಿಹೋಕರು ಸೇರುವ ಕಡೆಯಲ್ಲಿ ಅವರಿಗೆ ಅವನ ಕೂಗು ಕೇಳಿಸದೆ ಇರುತ್ತದೆಯೇ?

ಜೋರ್ಡನ್ ದೇಶದ ಮಾದಬಾ ಊರಿನ ದೇವಾಲಯದ ನೆಲದಲ್ಲಿ ಆರನೇ ಶತಮಾನದ ನಕ್ಷೆಯೊಂದಿದೆ, ಬಣ್ಣದ ಕಲ್ಲುಚೂರುಗಳದ್ದು. ಅದರಲ್ಲಿ ನದಿಗೆ ಅಡ್ಡವಾಗಿ ದೋಣಿ ದಾಟಿಸುವ ಹಗ್ಗವಿದೆ! ಉಪ್ಪಿನ ಸಮುದ್ರದ ಬಾಯಿಯಲ್ಲಿ ಒಂದು ಮೀನು ಬಾಲ ತಿರುಗಿಸಿ ಹಿಂದಕ್ಕೆ ಬರುತ್ತಿದೆ. (ನನಗೆ ಬಹಳ ಇಷ್ಟವಾದ ಮೀನು.) ಆದರೆ ಬೆತಬಾರದ ಹೆಸರು ಮಾತ್ರ ಪಶ್ಚಿಮ ದಡದಲ್ಲಿ ಬರೆದಿದೆ! ಹೀಗೆ ಎರಡು ದಡಗಳೂ ಪ್ರಭುವಿನ ಸ್ನಾನದೀಕ್ಷೆಯ ಸ್ಥಳ ತಮ್ಮದೆಂದವು.

1967ರ ಯುದ್ಧದ ನಂತರ ನದಿಯೇ ಗಡಿಯಾಯಿತು. ದಡಗಳಲ್ಲಿ ನೆಲಬಾಂಬುಗಳು ತುಂಬಿದವು. 1994ರಲ್ಲಿ ಜೋರ್ಡನ್ ಮತ್ತು ಇಸ್ರಯೇಲ್ ಶಾಂತಿ ಒಪ್ಪಂದ ಮಾಡಿಕೊಂಡ ಮೇಲೆ, 1996ರಲ್ಲಿ ಪೂರ್ವ ದಡದ ಅಲ್ ಮಗ್ತಾಸದಲ್ಲಿ ಉತ್ಖನನ ಆರಂಭವಾಯಿತು. ಪ್ರವಾಹಕ್ಕೆ ಬಿದ್ದು ಮತ್ತೆ ಮತ್ತೆ ಕಟ್ಟಿದ ಪುರಾತನ ದೇವಾಲಯಗಳು, ಸ್ನಾನದೀಕ್ಷೆಯ ಕೊಳಗಳು ಹೊರಬಂದವು. 2000ದ ಮಾರ್ಚಿನಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಅಲ್ಲಿಗೆ ಬಂದರು. 2015ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎದುರು ದಡದ ಕಸ್ರ್ ಅಲ್ ಯಹೂದ್ 2011ರಲ್ಲಿ ಯಾತ್ರಿಕರಿಗೆ ಮತ್ತೆ ತೆರೆಯಿತು.

ಮೇಲೆಯೇ ನೀರನ್ನು ತಿರುಗಿಸಿಕೊಂಡಿರುವುದರಿಂದ ಜೋರ್ಡನ್ ಅಲ್ಲಿ ಕೆಲವೇ ಮೀಟರು ಅಗಲದ ಕೆಸರುಹೊಳೆ. ಬೇಸಿಗೆಯ ಭೀಮೆಯನ್ನು ಕಂಡವರಿಗೆ ಅದು ಹೊಸದೇನಲ್ಲ. ಈ ದಡದವರ ಹಾಡು ಆ ದಡದವರಿಗೆ ಕೇಳಿಸುತ್ತದೆ. ಆದರೆ ದಾಟುವ ಮನೆಯಲ್ಲಿ ಈಗ ಯಾರೂ ದಾಟುವಂತಿಲ್ಲ. ಆಚೆ ಹೋಗಬೇಕಾದವರು ಮೇಲಿನ ಸೇತುವೆಯವರೆಗೆ ಸುತ್ತಿಕೊಂಡು, ರಹದಾರಿ ತೋರಿಸಿ ಹೋಗಬೇಕು.